ಬೇರಿಯ ಮರ ಮತ್ತು ಜನ್ಮಪಾಪ

ಕ್ರಿ. ಶ. 354ರಲ್ಲಿ ಉತ್ತರ ಆಫ್ರಿಕದ ತಗಾಸ್ತೆಯೆಂಬ ಊರಿನಲ್ಲಿ ಹುಟ್ಟಿದ ಆಗಸ್ಟೀನನು ತನ್ನ ಹದಿನಾರನೆಯ ವಯಸ್ಸಿನಲ್ಲಿ, ಒಂದು ರಾತ್ರಿ ಗೆಳೆಯರೊಡಗೂಡಿ ನೆರೆಯವರ ಬೇರಿಯ ಮರವನ್ನು ಸೂರೆಮಾಡಿದನು. ಹಸಿವೆಯಿರಲಿಲ್ಲ, ಕಾಯಿಗಳು ರುಚಿಯಾದುವೂ ಅಲ್ಲ, ಅವುಗಳಿಗಿಂತ ಉತ್ತಮವಾದುವು ಅವನಲ್ಲಿಯೇ ಇದ್ದುವು. ಕಿತ್ತುದರಲ್ಲಿ ಬಹುಭಾಗವು ಹಂದಿಗಳ ಪಾಲಾಯಿತು. ಹಿಪ್ಪೋ ನಗರದ ಬಿಷಪ್ಪನಾದ ಮೇಲೆ, 397ರ ಸುಮಾರಿಗೆ ಬರೆಯತೊಡಗಿದ ಆತ್ಮನಿವೇದನೆಯಲ್ಲಿ ಅವನು ಈ ಕಳವಿನ ಕಾರಣವನ್ನು ಬಹುವಾಗಿ ಶೋಧಿಸಿ, ನಿಷಿದ್ಧವೆಂಬುದೇ ಅದರ ರುಚಿಯಾಗಿದ್ದಿತೆಂದು ಒಪ್ಪಿಕೊಂಡನು.

ಇಂತಹ ಪ್ರವೃತ್ತಿಯು ಎಲ್ಲಿಂದ ಬಂದಿತು? ಆದಾಮನ ಆಜ್ಞೋಲ್ಲಂಘನದಿಂದ ಮರಣವೂ ದುರ್ವಾಸನೆಯೂ ಮಾತ್ರವಲ್ಲದೆ ಅಪರಾಧವೂ ಸಂತತಿಗೆ ಸಂಕ್ರಮಿಸಿತೆಂದು ಆಗಸ್ಟೀನನ ಉತ್ತರ. ಅವನ ಸಮಕಾಲೀನನಾದ ಪೆಲೇಜಿಯಸನು ಇದನ್ನು ಒಪ್ಪಲಿಲ್ಲ. ಪಾಲಿಸುವ ಶಕ್ತಿಯೇ ಇಲ್ಲದವನಿಗೆ ದೇವರು ಆಜ್ಞೆಯನ್ನೇಕೆ ವಿಧಿಸುವನೆಂದು ಅವನ ಆಕ್ಷೇಪ. 418ರಲ್ಲಿ ಕಾರ್ಥೇಜಿನ ಧರ್ಮಸಭೆಯು ಪೆಲೇಜಿಯಸನ ಪಕ್ಷವನ್ನು ಖಂಡಿಸಿತು.

ಆಗಸ್ಟೀನನ ವಾದಕ್ಕೆ ಮುಖ್ಯಾಧಾರಗಳಲ್ಲೊಂದು, ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯದ ಹನ್ನೆರಡನೆಯ ವಾಕ್ಯ. ಅವನು ಓದಿದ ಲ್ಯಾಟಿನ್ ಭಾಷಾಂತರದಲ್ಲಿ ಒಂದು ಸರ್ವನಾಮವನ್ನು ಅಧಿಕರಣಾರ್ಥದಲ್ಲಿ ಗ್ರಹಿಸಿ, ಸಮಸ್ತರೂ ಆದಾಮನಲ್ಲಿಯೇ ಪಾಪಮಾಡಿದರೆಂದು ಅನ್ವಯಿಸಿದನು. ಮೂಲದ ಗ್ರೀಕ್ ಪದವಾದರೋ ಹೇತ್ವರ್ಥಕವೆಂದೂ, ಎಲ್ಲರೂ ಪಾಪಮಾಡಿದ ಕಾರಣ ಎಲ್ಲರಿಗೂ ಮರಣವೆಂದೇ ತಾತ್ಪರ್ಯವೆಂದೂ ಇಂದಿನ ಬಹುಮಂದಿ ವಿದ್ವಾಂಸರ ಮತ. ಗ್ರೀಕನ್ನೇ ಓದಿದ ಪೂರ್ವದೇಶದ ಸಭೆಗಳು ಮರಣವು ಪಿತ್ರಾರ್ಜಿತವೆಂದುವೇ ಹೊರತು ಅಪರಾಧವು ಪಿತ್ರಾರ್ಜಿತವೆಂದು ಹೇಳಲಿಲ್ಲ.

ವಿಭಕ್ತ್ಯರ್ಥದ ಈ ಭೇದವು ಪಂಡಿತರ ವಿನೋದವಾಗಿ ನಿಲ್ಲಲಿಲ್ಲ. ಜ್ಞಾನಸ್ನಾನಕ್ಕೆ ಮುನ್ನವೇ ಅಸುನೀಗಿದ ಹಸುಗೂಸಿಗೂ, ಅತ್ಯಂತ ಲಘುವಾದುದಾದರೂ, ದಂಡನೆ ತಪ್ಪದೆಂದು ಆಗಸ್ಟೀನನು ಬರೆದನು. ಎಷ್ಟೋ ಶತಮಾನಗಳ ಕಾಲ ಎಷ್ಟೋ ಮಂದಿ ತಾಯಂದಿರು ಬರಿದಾದ ತೊಟ್ಟಿಲಿನ ಬಳಿ ಈ ಭಯವನ್ನೂ ಹೊತ್ತು ಕುಳಿತರು. ಅಂತಹ ಶಿಶುಗಳ ಸದ್ಗತಿಯನ್ನು ಆಶಿಸಲು ಬಲವಾದ ಕಾರಣಗಳುಂಟೆಂದು ರೋಮನ್ ಕ್ಯಾಥೊಲಿಕ್ ಸಭೆಯ ಅಂತರರಾಷ್ಟ್ರೀಯ ದೈವಶಾಸ್ತ್ರ ಮಂಡಲಿಯು ಪ್ರಕಟಿಸಿದುದು 2007ರಲ್ಲಿ.

ತೊಟ್ಟಿಲಿನ ಕೂಸನ್ನು ಅಪರಾಧಿಯೆಂದುದಕ್ಕೆ ಮನಸ್ಸು ಒಪ್ಪದು. ಆ ಕೂಸಿಗಾಗಿ ಪೆಲೇಜಿಯಸನ ಆಕ್ಷೇಪವು ಉಳಿಯಲೇಬೇಕು. ಆದರೆ ಆಗಸ್ಟೀನನು ತನ್ನ ಮೇಲೆ ತಾನೇ ನುಡಿದ ಸಾಕ್ಷ್ಯಕ್ಕೆ ವ್ಯಾಕರಣದ ಬೆಂಬಲವೇನೂ ಬೇಕಿರಲಿಲ್ಲ. ಬೇಡದ ಕಾಯನ್ನು ಕದ್ದು ಹಂದಿಗಳಿಗೆಸೆದು ನಕ್ಕ ಆ ಬಾಲಕನನ್ನು ತನ್ನೊಳಗೆ ಒಮ್ಮೆಯೂ ಕಾಣದವರು ವಿರಳ.