ಹಸಿ ವಾಸನೆ ಹೋಗುವ ತನಕ

ಜಾವಾ ದ್ವೀಪದ ಲಮೊಂಗಾನ್ ಊರಿನ ಹುಡುಗಿ ಓದಲೆಂದು ಯೋಗ್ಯಕರ್ತಾಕ್ಕೆ ಬಂದು 2 ತಿಂಗಳಾಗಿತ್ತು. ಬಾಡಿಗೆ ಕೋಣೆ, ಹೊಸ ಮುಖಗಳು. ಓದು ತಲೆಗೆ ಹತ್ತುತ್ತಿರಲಿಲ್ಲ. 'ಊರಿಗೆ ಬಂದುಬಿಡ್ತೇನಮ್ಮ' ಎಂದು ಫೋನಿನಲ್ಲಿ ಅತ್ತಳು. 'ಬರುವೆಯಂತೆ. ಮೊದಲು ಏನಾದರೂ ಬೇಯಿಸಿಕೊಂಡು ಉಣ್ಣು' ಎಂದಳು ತಾಯಿ.

ಅವಳಿಗೆ ನೆನಪಾದದ್ದು ಸೋತೊ ಆಯಮ್, ಅರಿಶಿನ ಬಣ್ಣದ ಕೋಳಿಸಾರು. ಅವಳ ಊರು ಅದಕ್ಕೇ ಹೆಸರುವಾಸಿ. ಸಿಗಡಿ ಹಪ್ಪಳ, ಹುರಿದ ಬೆಳ್ಳುಳ್ಳಿ ಕುಟ್ಟಿ ಮಾಡಿದ 'ಕೋಯ' ಪುಡಿಯನ್ನು ಅಲ್ಲಿನವರು ಸಾರಿನ ಮೇಲೆ ಉದುರಿಸುತ್ತಾರೆ.

ಅರ್ಧ ಕೋಳಿ ಬೇಯಲಿಟ್ಟಳು. ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಅರಿಶಿನ, ಕೆಮಿರಿ ಎಂಬ ಎಣ್ಣೆಬೀಜ ಅರೆದು ನೇರ ನೀರಿಗೇ ಸುರಿದಳು. ಸಾರು ಹಳದಿಯಾಯಿತು, ಬಾಯಿಗಿಡಲಾಗಲಿಲ್ಲ.

'ಮಸಾಲೆ ಹುರಿದೆಯಾ?'

'ಇಲ್ಲ. ಎಷ್ಟು ನಿಮಿಷ ಹುರಿಯಬೇಕು?'

'ಗಡಿಯಾರ ನೋಡಬೇಡ. ಹಸಿ ವಾಸನೆ ಹೋಗಿ ಎಣ್ಣೆ ಬಿಡುವ ತನಕ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಿರು. ಕೆಮಿರಿ ಹಸಿಯಾಗಿ ತಿಂದರೆ ಹೊಟ್ಟೆ ಕೆಡುತ್ತದೆ.'

ತಾಯಿ ಅಳತೆ ಹೇಳಲಿಲ್ಲ, ಗುರುತು ಹೇಳಿದಳು.

ಭಾನುವಾರ ಮತ್ತೆ ಒಲೆ ಹಚ್ಚಿದಳು. ಈ ಸಲ ಅವಸರ ಮಾಡಲಿಲ್ಲ. ಹುರಿದ ಮಸಾಲೆಗೆ ಜಜ್ಜಿದ ಮಜ್ಜಿಗೆಹುಲ್ಲು, ಕೋಳಿ ಬೆಂದ ನೀರು ಸೇರಿಸಿ ಕುದಿಸಿದಳು. ಕೋಳಿಯನ್ನು ಎಳೆಎಳೆಯಾಗಿ ಬಿಡಿಸಿದಳು. ಬಟ್ಟಲಿಗೆ ನೆನೆಸಿದ ತೆಳು ಶಾವಿಗೆ, ಎಲೆಕೋಸು, ಮೊಳಕೆಕಾಳು, ಬೇಯಿಸಿದ ಮೊಟ್ಟೆ; ಮೇಲೆ ಬಿಸಿ ಸಾರು, ನಿಂಬೆರಸ. ಘಮಕ್ಕೇ ಪಕ್ಕದ ಕೋಣೆಯ ಹುಡುಗಿಯರು ಬಂದರು. ಅನ್ನ ಸಾಲದೆ ಇನ್ನೊಮ್ಮೆ ಇಡಬೇಕಾಯಿತು.

ರಾತ್ರಿ ತಾಯಿ ಕೇಳಿದಳು: 'ಬಸ್ಸಿಗೆ ಟಿಕೆಟ್ ಮಾಡಿಸಲೇ?'

'ಈಗ ಬೇಡಮ್ಮ. ಒಂದು ಡಬ್ಬಿ ಕೋಯ ಕಳಿಸು. ಸ್ವಲ್ಪ ದೊಡ್ಡ ಡಬ್ಬಿಯೇ ಇರಲಿ.'