ಹೊಗೆನಕಲ್ಲಿಗೆ ಇನ್ನೊಂದು ನಡಿಗೆ

ಮಕ್ಕಳೇ, ಕಲ್ಲಿನ ಕಣಿವೆ ಎಂದರೆ ನಿಮಗೆ ಟಿವಿಯಲ್ಲಿ ಕಂಡ ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ನೆನಪಾಗಬಹುದು. ಅಷ್ಟು ದೊಡ್ಡದಲ್ಲದಿದ್ದರೂ ಅದೇ ಜಾತಿಯದೊಂದು ನಮ್ಮ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ತುದಿಯಲ್ಲಿದೆ. ಅದೇ ಹೊಗೆನಕಲ್. ಇಲ್ಲಿ ಕಾವೇರಿಯೇ ಗಡಿ. ಆಚೆ ದಡ ತಮಿಳುನಾಡಿನ ಧರ್ಮಪುರಿ ಜಿಲ್ಲೆ, ಈಚೆ ದಡ ನಮ್ಮದು. ಧುಮುಕುವ ನೀರಿನ ತುಂತುರು ಬಂಡೆಗಳ ಮೇಲೆ ಹೊಗೆಯಂತೆ ಏಳುತ್ತದೆ, ಅದಕ್ಕೇ ಈ ಹೆಸರು.

ಯಳಂದೂರಿನ ಕಡೆಯಿಂದ ಬಿಳಿಗಿರಿರಂಗನ ಬೆಟ್ಟದ ಹಸಿರು ನೋಡಿ ಬಂದವರಿಗೆ ಹನೂರು ದಾಟಿದ ಮೇಲಿನ ನೆಲ ಬೇರೆಯೇ ಸೀಮೆ ಅನ್ನಿಸುತ್ತದೆ. ಮಳೆ ಕಡಿಮೆ. ಜಾಲಿ, ಕಗ್ಗಲಿಯಂಥ ಮುಳ್ಳು ಮರಗಳು, ಬೇಸಿಗೆಯಲ್ಲಿ ಎಲೆಯೇ ಇಲ್ಲದ ಗುಡ್ಡಗಳು. ಮಾದಪ್ಪನ ಎಪ್ಪತ್ತೇಳು ಮಲೆಗಳನ್ನು ದಾಟಿ ಪಾಲಾರ್ ಹಳ್ಳದ ಹತ್ತಿರ ಇಳಿದರೆ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತದೆ. ಇಂಥ ಒಣನೆಲದ ನಡುವೆ ನದಿ ಕಲ್ಲನ್ನು ಸೀಳಿಕೊಂಡು ಹೋಗಿದೆ.

1975ರಲ್ಲಿ ನಾನು ಕೊಳ್ಳೇಗಾಲದ ಬ್ಯಾಂಕೊಂದರಲ್ಲಿ ಗುಮಾಸ್ತ. ಬಿ.ಕಾಂ. ಮುಗಿಸಿ ಸೇರಿದ ಹೊಸತು. ಏಪ್ರಿಲ್ ತಿಂಗಳ ಒಂದು ರಜೆಯಲ್ಲಿ ನಾನೂ ನಮ್ಮ ಶಾಖೆಯ ಕ್ಯಾಷಿಯರೂ ಬೆಟ್ಟದ ಬಸ್ಸು ಹತ್ತಿ, ಮಾದಪ್ಪನಿಗೆ ಕೈಮುಗಿದು, ಮುಂದೆ ಸಿಕ್ಕ ಲಾರಿಯಲ್ಲಿ ಗೋಪಿನಾಥಂ ಸೇರಿದೆವು. ಅಲ್ಲಿಂದ ಕಾಲ್ನಡಿಗೆ. ಒಂದು ಕೈಚೀಲದಲ್ಲಿ ಅವಲಕ್ಕಿ, ಬೆಲ್ಲ, ನೀರಿನ ತಂಬಿಗೆ. ನದಿ ತಗ್ಗಿತ್ತು. ಬಂಡೆಯಲ್ಲಿದ್ದ ಒಂದು ದುಂಡನೆಯ ಗುಳಿಗೆ ಕ್ಯಾಷಿಯರು ಭುಜದವರೆಗೂ ಕೈ ಹಾಕಿ, “ಇದನ್ನು ಯಾರಯ್ಯ ಕೊರೆದೋರು?” ಎಂದು ನಕ್ಕದ್ದು ನನಗಿನ್ನೂ ಕೇಳಿಸುತ್ತದೆ. ಮುಂದಿನ ಬೇಸಿಗೆಗೆ ಮತ್ತೆ ಬರೋಣ ಎಂದುಕೊಂಡೆವು.

ಮುಂದಿನ ಬೇಸಿಗೆ ಬರುವ ಮೊದಲೇ ಇಬ್ಬರಿಗೂ ವರ್ಗವಾಯಿತು. ಆಮೇಲೆ ಆ ಕಾಡಿಗೆ ವೀರಪ್ಪನ್ ಭಯ ಬಂತು. ಅವನ ಊರು ಅದೇ ಗೋಪಿನಾಥಂ. ಆ ಊರಿಗೆ ಒಳ್ಳೆಯ ಹೆಸರು ತಂದವರೂ ಒಬ್ಬರಿದ್ದರು, ಅರಣ್ಯಾಧಿಕಾರಿ ಪಿ. ಶ್ರೀನಿವಾಸ್. ಹಳ್ಳಿಯವರ ನಡುವೆಯೇ ಇದ್ದು, ಅವರಿಗೆ ಔಷಧೋಪಚಾರದ ಏರ್ಪಾಟು ಮಾಡಿ, ಮಾರಿಯಮ್ಮನ ಗುಡಿ ಕಟ್ಟಿಸಿಕೊಟ್ಟರು. ವೀರಪ್ಪನ್ ಶರಣಾಗುತ್ತಾನೆಂಬ ಮಾತು ನಂಬಿ ಆಯುಧವಿಲ್ಲದೆ ಹೋದ ಅವರನ್ನು 1991ರ ನವೆಂಬರ್ 10ರಂದು ಕೊಲ್ಲಲಾಯಿತು. ಸರ್ಕಾರ ಮರಣೋತ್ತರವಾಗಿ ಕೀರ್ತಿ ಚಕ್ರ ನೀಡಿತು. ಊರಿನವರು ಇಂದಿಗೂ ಅವರನ್ನು ದೇವರಂತೆ ನೆನೆಯುತ್ತಾರೆ. 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಸತ್ತ ಮೇಲೆಯೇ ನಮ್ಮಂಥವರು ಆ ದಾರಿಯ ಹೆಸರೆತ್ತಿದ್ದು. ಅಷ್ಟರಲ್ಲಿ ಕ್ಯಾಷಿಯರಿಗೆ ಆರೋಗ್ಯ ಕೆಟ್ಟಿತ್ತು. ಈಗ ಅವರಿಲ್ಲ.

ಈ ಫೆಬ್ರವರಿಯಲ್ಲಿ ಆರನೇ ಕ್ಲಾಸಿನ ಮೊಮ್ಮಗಳನ್ನು ಕರೆದುಕೊಂಡು ಹೊರಟೆ. ಈಗ ಅದು ಕಾವೇರಿ ವನ್ಯಜೀವಿಧಾಮ, ಮನಬಂದಂತೆ ನಡೆಯುವಂತಿಲ್ಲ. ಅನುಮತಿ ಪಡೆದು, ಅರಣ್ಯ ಕಾವಲುಗಾರರ ಜೊತೆ ಮೊಣಕಾಲು ಒಪ್ಪಿದಷ್ಟು ದೂರ ನಡೆದೆವು. ಹೊಳೆಯ ದಂಡೆಯುದ್ದಕ್ಕೂ ದೊಡ್ಡ ಹೊಳೆಮತ್ತಿ ಮರಗಳು. ಒಂದರ ತುದಿಯಲ್ಲಿ ಬೂದು ಬಣ್ಣದ, ಉದ್ದ ಬಾಲದ ದೊಡ್ಡ ಅಳಿಲು ಕಂಡಿತು. ನಮ್ಮ ರಾಜ್ಯದಲ್ಲಿ ಇದು ಅಪರೂಪ, ಈ ನದಿದಂಡೆಯ ಮರಗಳೇ ಅದರ ಮನೆ. ನಮ್ಮ ಹುಡುಗಿ ಅರ್ಧಗಂಟೆ ಮೊಬೈಲು ಮರೆತಳು.

ನದಿಗೆ ಬಂದೆವು. ಅದೇ ಬಂಡೆಗಳು. ಗುಳಿಗಳಿಗೆ ಅವಳೂ ಕೈ ಹಾಕಿದಳು, ತಳದಲ್ಲಿ ಗೋಲಿಯಂಥ ನುಣುಪು ಕಲ್ಲುಗಳು ಸಿಕ್ಕವು. ಕೊರೆದದ್ದು ಅವೇ. ಪ್ರವಾಹದಲ್ಲಿ ಸುಳಿ ಸಿಕ್ಕಿಸಿಕೊಂಡ ಕಲ್ಲು ಒಂದೇ ಕಡೆ ಗಿರಗಿರ ತಿರುಗಿ ಬಂಡೆಯನ್ನು ಅರೆಯುತ್ತದೆ, ಒರಳಿನಲ್ಲಿ ಗುಂಡುಕಲ್ಲು ತಿರುಗಿದ ಹಾಗೆ. ಇಲ್ಲಿ ಕಾರ್ಬೊನಟೈಟ್ ಎಂಬ ಅಪರೂಪದ ಅಗ್ನಿಶಿಲೆಯೂ ಇದೆ. ಅದರ ವಯಸ್ಸು ಸುಮಾರು 240 ಕೋಟಿ ವರ್ಷವೆಂದು ಭೂವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ.

“ತಾತ, ನೀವು ಬಂದಾಗಿಗೂ ಈಗಿಗೂ ಕಲ್ಲು ಎಷ್ಟು ಸವೆದಿದೆ?”

“ಲೆಕ್ಕಕ್ಕೇ ಸಿಗದಷ್ಟು ಕಮ್ಮಿ ಕಣಮ್ಮ. ಸವೆದಿರೋದು ನನ್ನ ಮೊಣಕಾಲು.”

ಕ್ಯಾಷಿಯರು ಕೈ ಹಾಕಿದ ಗುಳಿ ಯಾವುದೆಂದು ಹುಡುಕಿದೆ, ಗುರುತು ಸಿಗಲಿಲ್ಲ. ಅವರ ಕಥೆಯನ್ನು ಹುಡುಗಿಗೆ ಅಲ್ಲೇ ಕೂತು ಹೇಳಿದೆ.

ಆಮೇಲೆ ತೆಪ್ಪ. ಬಿದಿರು ಹೆಣೆದ ದುಂಡನೆಯ ಬುಟ್ಟಿ. ಹಿಂದೆ ಅಡಿಗೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆಗೆ ಡಾಂಬರು ಬಳಿಯುತ್ತಾರೆ. ಎರಡೂ ಬದಿ ಕಲ್ಲಿನ ಗೋಡೆ, ಮೇಲೆ ಆಕಾಶದ ಒಂದು ಪಟ್ಟಿ. ನೀರು ಕಮ್ಮಿಯಲ್ಲವೇ ಎಂದೆ. “ನೀರು ತಗ್ಗಿದ್ರೇನೇ ಸಾಮಿ ಕಲ್ಲು ಕಾಣೋದು” ಎಂದರು ತೆಪ್ಪದವರು. ಆ ಗೋಡೆಗಳ ನಡುವೆ ಮಾತೇ ಹೊರಡಲಿಲ್ಲ.

ಹೋಗುವವರಿಗೆ: ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ, ಮಲೆ ಮಹದೇಶ್ವರ ಬೆಟ್ಟ, ಪಾಲಾರ್, ಗೋಪಿನಾಥಂ ಮೂಲಕ ದಾರಿ. ಬೆಳಿಗ್ಗೆ ಬೇಗ ಹೊರಟು ಬೆಳಕಿರುವಾಗಲೇ ಹಿಂದಿರುಗಿ, ಆನೆ ಓಡಾಡುವ ಕಾಡು. ಮಳೆಗಾಲದಲ್ಲಿ ನದಿ ತುಂಬಿದಾಗ ತೆಪ್ಪ ನಿಲ್ಲಿಸುತ್ತಾರೆ, ಆಗ ಜಲಪಾತವನ್ನು ದೂರದಿಂದ ನೋಡಬೇಕು. ಕಣಿವೆ ನೋಡಲು ಜನವರಿಯಿಂದಾಚೆ ಹೋಗಿ. ತೆಪ್ಪದಲ್ಲಿ ಜೀವರಕ್ಷಕ ಜಾಕೆಟ್ ತೊಡಿ, ಸುಳಿಯಿರುವ ಕಡೆ ನೀರಿಗಿಳಿಯಬೇಡಿ, ಪ್ಲಾಸ್ಟಿಕ್ ಬಿಸಾಡಬೇಡಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಮುಂದಿನ ಬೇಸಿಗೆಗೆ ಎನ್ನಬೇಡಿ, ಈ ಬೇಸಿಗೆಗೇ ಹೋಗಿ.