ಮೂರಿಂಚು

ಅಪ್ಪನ ಆರ್‌ಎಕ್ಸ್ 100 ಬೆಂಗಳೂರಿಗೆ ಬಂದಾಗ ನನಗೆ ಎಷ್ಟು ಖುಷಿಯಾಯಿತೋ, ಅದರ ಕನ್ನಡಿ ನೋಡಿ ಅಷ್ಟೇ ನಾಚಿಕೆಯಾಯಿತು. ಎರಡೂ ಕಡೆ ಉದ್ದನೆಯ ಕಡ್ಡಿ, ಮಿಡತೆ ಮೀಸೆ ಥರ. ಆಫೀಸಿನ ಪಾರ್ಕಿಂಗಿನಲ್ಲಿ ಗೆಳೆಯನೊಬ್ಬ "ಏನ್ ಮಗಾ, ಎಫ್‌ಎಂ ಬರುತ್ತಾ ಇದ್ರಲ್ಲಿ?" ಅಂದ.

ಗೆಳೆಯನನ್ನ ಸಹಿಸ್ಕೋಬಹುದು, ಸಿಲ್ಕ್ ಬೋರ್ಡ್ ಸಹಿಸೋಕಾಗಲ್ಲ. ಬಸ್ಸು-ಕಾರುಗಳ ಸಂದಿಯಲ್ಲಿ ಹ್ಯಾಂಡಲ್ ತೂರುತ್ತೆ, ಕನ್ನಡಿ ತೂರಲ್ಲ. ವಾರಕ್ಕೊಂದು ಸಲವಾದರೂ ಯಾವುದೋ ಆಟೋಗೆ ತಗುಲಿ ಬೈಸಿಕೊಳ್ಳುತ್ತಿದ್ದೆ. ಹೊಸ ಜೋಡಿ ತಂದು ಹಾಕಿದ್ದರೆ ಅರ್ಧ ಗಂಟೆ ಕೆಲಸ. ಆದರೆ ಬಿಇ ಮುಗಿಸಿ ಹತ್ತು ವರ್ಷ ಬರೀ ಕೀಬೋರ್ಡ್ ಕುಟ್ಟಿದವನಿಗೆ ಒಂದು ಸಲವಾದರೂ ಕೈಯಾರೆ ಕಬ್ಬಿಣ ಕುಯ್ಯಬೇಕು ಅನ್ನಿಸುತ್ತೆ ನೋಡಿ, ನನಗೂ ಅನ್ನಿಸಿತು. ಕಡ್ಡಿಯನ್ನೇ ಎರಡು ಇಂಚು ಗಿಡ್ಡ ಮಾಡೋದು ಅಂತ ತೀರ್ಮಾನಿಸಿದೆ.

ಭಾನುವಾರ ಹ್ಯಾಕ್ಸಾ ಬ್ಲೇಡ್ ಹಿಡಿದು ಕೂತೆ. ಎಡಗಡೆ ಕನ್ನಡಿ ಬಿಚ್ಚಿ, ಕಡ್ಡಿಯ ಬುಡದಿಂದ ಎರಡಿಂಚು ಕತ್ತರಿಸಿದೆ. ಬುಡ ಹೋದರೆ ಥ್ರೆಡ್ಡೂ ಹೋಯಿತು, ಹೊಸದಾಗಿ ಕೊರೀಬೇಕು. ಅದಕ್ಕೆ ಡೈ ಅಂತ ಬರುತ್ತೆ, ಉಕ್ಕಿನ ಬಿಲ್ಲೆ ಥರದ್ದು. ಎಣ್ಣೆ ಬಿಟ್ಟುಕೊಂಡು ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ ತಿರುಗಿಸಬೇಕು. ಹಿಂದಕ್ಕೆ ತಿರುಗಿಸದಿದ್ದರೆ ಚೂರು ತುಂಬಿಕೊಂಡು ಕಚ್ಚಿಕೊಳ್ಳುತ್ತೆ. ಕಡ್ಡಿಯ ಮೇಲಿನ ಕ್ರೋಮ್ ಡೈಗಿಂತ ಮೊಂಡು, ಮೊದಲು ಅದನ್ನು ಅರ ಹಾಕಿ ಉಜ್ಜಿ ತೆಗೀಬೇಕು. ಮಧ್ಯಾಹ್ನದ ಹೊತ್ತಿಗೆ ಫಳಫಳ ಹೊಳೆಯೋ ಥ್ರೆಡ್ ತಯಾರಾಯಿತು. ಹ್ಯಾಂಡಲ್ಲಿಗೆ ಹಾಕಿ ತಿರುಗಿಸಿದರೆ ಒಂದೂವರೆ ಸುತ್ತಿಗೇ ಜಾಮ್.

ಹಾರ್ಡ್‌ವೇರ್ ಅಂಗಡಿಯಲ್ಲಿ "ಹತ್ತು ಎಂಎಂ ಡೈ" ಅಂತ ಕೇಳಿದರೆ ಕೊಡೋದು ಮಾಮೂಲಿ 1.5 ಥ್ರೆಡ್ಡಿನದು. ಬೈಕಿನ ಕನ್ನಡಿಗೆ ಬೇಕಾದ್ದು 1.25. ಕಾಲು ಮಿಲಿಮೀಟರ್ ವ್ಯತ್ಯಾಸ! ಕೋಡಿನಲ್ಲಿ ಒಂದು ಕಾಮಾಗೆ ರಾತ್ರಿಯಿಡೀ ತಲೆ ಚಚ್ಚಿಕೊಂಡವನು ನಾನು, ಆದರೂ ಇದು ಹೊಳೆದಿರಲಿಲ್ಲ. ಕೆಟ್ಟ ಥ್ರೆಡ್ಡಿನ ಒಂದಿಂಚನ್ನೂ ಕತ್ತರಿಸಿ ಎಸೆದು, ಮುಂದಿನ ವಾರ ಜೆ.ಸಿ. ರೋಡ್ ಸುತ್ತಿ ಸರಿಯಾದ ಡೈ ತಂದೆ. ಎರಡಿಂಚು ಹೋಗಿ ಮೂರಿಂಚಾಯಿತು.

ಬಲಗಡೆ ಇನ್ನೊಂದು ಕಥೆ. ಯಮಹಾ ಬೈಕಲ್ಲಿ ಬಲಗನ್ನಡಿಯ ಥ್ರೆಡ್ ಉಲ್ಟಾ. ಮುಂದಿನಿಂದ ಏನಾದರೂ ಬಡಿದರೆ ಕಡ್ಡಿ ಮುರಿಯೋ ಬದಲು ಸಡಿಲವಾಗಲಿ ಅಂತ. ಬಲು ಜಾಣತನದ ಲೆಕ್ಕಾಚಾರ, ಆದರೆ ನನ್ನ ಡೈ ಅಲ್ಲಿ ನಡೆಯಲ್ಲ. ಹಾಗಾಗಿ ಬುಡ ಮುಟ್ಟದೆ ಮಧ್ಯದಲ್ಲೇ ಮೂರಿಂಚು ತೆಗೆದು ವೆಲ್ಡಿಂಗ್ ಅಂಗಡಿಯಲ್ಲಿ ಎರಡು ತುದಿ ಅಂಟಿಸಿದ್ದಾಯಿತು. ಕನ್ನಡಿಗೆ ಬಿಸಿ ತಾಗದಿರಲಿ ಅಂತ ವೆಲ್ಡರ್ ಒದ್ದೆ ಬಟ್ಟೆ ಸುತ್ತಿದ. ಕತ್ತರಿಸಿದ ತುಂಡನ್ನ ನೋಡಿ "ಸಾರ್, ಇದನ್ನ ಮುಂಚೇನೂ ಯಾರೋ ವೆಲ್ಡ್ ಮಾಡವ್ರೆ" ಅಂದ. ನಿಜ, ನಡುವೆ ಒಂದು ಗಂಟು, ಅದರ ಮೇಲೆ ಸಿಲ್ವರ್ ಪೇಂಟು. ಅಪ್ಪನಿಗಿಂತ ಮುಂಚೆ ಓಡಿಸಿದವರು ಎಲ್ಲೋ ಗುದ್ದಿ ಮುರಿದಿರಬೇಕು ಅಂದುಕೊಂಡು ತುಂಡನ್ನ ಟೂಲ್ ಡಬ್ಬಕ್ಕೆ ಹಾಕಿದೆ.

ಬೈಕು ನೋಡೋಕೆ ಸಖತ್ತಾಯಿತು. ಗಿಡ್ಡ ಕಡ್ಡಿ ಅಷ್ಟಾಗಿ ಅದುರಲ್ಲ, ಬಿಂಬ ನಿಚ್ಚಳ. ಆದರೆ ಆ ನಿಚ್ಚಳ ಬಿಂಬದಲ್ಲಿ ಮುಕ್ಕಾಲು ಪಾಲು ನನ್ನ ಮೊಣಕೈ ಮತ್ತು ಜಾಕೆಟ್ಟು. ಕತ್ತು ತಿರುಗಿಸಿ ನೋಡಿದರಾಯಿತು, ಹಾರ್ನ್ ಹೇಗೂ ಕೇಳಿಸುತ್ತಲ್ಲ ಅಂತ ಬಿಟ್ಟೆ.

ಎರಡು ತಿಂಗಳಾದ ಮೇಲೆ ಸಂಬಂಧಿಕರ ಮದುವೆಗೆ ಅಪ್ಪ ಬಂದರು. ಬೆಳಗ್ಗೆ ನಾನು ಏಳೋಷ್ಟರಲ್ಲಿ ಹಾಲು ತರೋಕೆ ಬೈಕ್ ತಗೊಂಡು ಹೋಗಿದ್ದರು. ಹತ್ತು ನಿಮಿಷದ ದಾರಿ, ಮುಕ್ಕಾಲು ಗಂಟೆಯಾದರೂ ಪತ್ತೆಯಿಲ್ಲ. ಗೇಟಿಗೆ ಬಂದು ನೋಡಿದರೆ ಬೈಕನ್ನ ತಳ್ಳಿಕೊಂಡು ಬರ್ತಿದ್ದಾರೆ.

"ಪೆಟ್ರೋಲ್ ಖಾಲಿ ಆಯ್ತಾ ಅಪ್ಪಾ?"

"ಇಲ್ಲ ಕಣೋ. ಹಿಂದೆ ಏನೂ ಕಾಣಲ್ಲ. ನೀರಿನ ಟ್ಯಾಂಕರ್ ಒಂದು ಬಲಗಡೆಯಿಂದ ಬಂದು ಪಕ್ಕಕ್ಕೇ ಹತ್ತಿಬಿಡ್ತು. ಆಮೇಲೆ ಹತ್ತೋಕೆ ಧೈರ್ಯ ಬರಲಿಲ್ಲ."

ಹಾಲಿನ ಪ್ಯಾಕೆಟ್ ಕೊಡುವಾಗ ಕೈ ನಡುಗುತ್ತಿತ್ತು.

ಅಪ್ಪನ ಬಲಗಿವಿ ಚಿಕ್ಕಂದಿನಲ್ಲೇ ಸೋರಿ ಸೋರಿ ಹೋದದ್ದು. ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಮನೆಯಲ್ಲಿ ನಾವೆಲ್ಲ ಅವರ ಎಡಗಡೆ ಕೂತೇ ಮಾತಾಡೋದು, ಊಟಕ್ಕೂ ಹಾಗೇ. ಅದೇ ಕಿವಿ ಬೈಕಿನ ಮೇಲೂ ಇರುತ್ತೆ ಅಂತ ಮಾತ್ರ ಇಷ್ಟು ವರ್ಷದಲ್ಲಿ ಒಂದು ದಿನವೂ ನಾನು ಯೋಚಿಸಿರಲಿಲ್ಲ. ನಮ್ಮಲ್ಲಿ ಓವರ್‌ಟೇಕ್ ಮಾಡೋ ಗಾಡಿ ಬರೋದೇ ಬಲಗಡೆಯಿಂದ. ಆ ವೆಲ್ಡಿಂಗ್ ಗಂಟು ಯಾರದೋ ಅಪಘಾತದ್ದಲ್ಲ. ಅಪ್ಪನೇ ಊರಲ್ಲಿ ನೇಗಿಲು ರಿಪೇರಿ ಮಾಡುವವರ ಹತ್ತಿರ ಎರಡೂ ಕಡ್ಡಿಗೆ ನಾಲ್ಕಿಂಚು ಸೇರಿಸಿ ಉದ್ದ ಮಾಡಿಸಿದ್ದರಂತೆ. ಹಿಂದೆ ಹುಲ್ಲಿನ ಹೊರೆ ಕಟ್ಟಿದರೂ ರಸ್ತೆ ಕಾಣಲಿ ಅಂತ.

"ಹೇಳಬೋದಿತ್ತಲ್ಲಪ್ಪಾ."

"ಕನ್ನಡಿ ಯಾಕೆ ಉದ್ದ ಅಂತ ನೀನೆಲ್ಲಿ ಕೇಳ್ದೆ?" ಸಿಟ್ಟಿನಲ್ಲಿ ಅಂದದ್ದಲ್ಲ. ಕಾಫಿ ಹೀರುತ್ತಾ ಸುಮ್ಮನೆ ಅಂದರು.

ಮದುವೆ ಮುಗಿಸಿಕೊಂಡು ಬಂದ ಮಾರನೇ ದಿನ ಡಬ್ಬದಿಂದ ಆ ತುಂಡು ಹುಡುಕಿ ಅದೇ ವೆಲ್ಡಿಂಗ್ ಅಂಗಡಿಗೆ ಹೋದೆ. "ಕತ್ತರಿಸಿದ್ದನ್ನ ಮತ್ತೆ ಅಂಟಿಸ್ಬೇಕಾ ಸಾರ್?" ಅಂತ ವೆಲ್ಡರ್ ನಕ್ಕ, ಎರಡು ಸಲದ ಕೂಲಿ ತಗೊಂಡ. ಈಗ ಆ ಕಡ್ಡಿಯಲ್ಲಿ ಮೂರು ಗಂಟು. ಎಡಗಡೆಯದನ್ನೂ ಸರಿ ಮಾಡಿಸ್ತೀನಿ ಅಂದರೆ ಅಪ್ಪ ಬೇಡ ಅಂದರು. ಆ ಕಿವಿ ಚೆನ್ನಾಗಿದೆಯಂತೆ.

ಸೀಟಿನ ಮೇಲೆ ಕೂತು, ನನ್ನನ್ನ ಹಿಂದೆ ಹತ್ತು ಹೆಜ್ಜೆ ದೂರ ನಿಲ್ಲಿಸಿದರು. "ಬಲಕ್ಕೆ ಸರಿ... ಇನ್ನೂ... ಅಲ್ಲೇ ನಿಲ್ಲು" ಅನ್ನುತ್ತಾ ಕನ್ನಡಿಯನ್ನ ಅಷ್ಟಷ್ಟೇ ತಿರುಗಿಸಿ ನಟ್ಟು ಬಿಗಿ ಮಾಡಿದರು. ಕಿಕ್ ಹೊಡೆದು, "ಸೊಪ್ಪು ಏನಾದ್ರೂ ತರಬೇಕಾ?" ಅಂತ ಕೇಳಿದರು.